ಬಲ್ಲವನಿಗೆ ಹೊಳೆಯುವುದು ಪೇಟೆಂಟ್ ಆದೀತೆ?

ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಹೊರಗಿನಿಂದ ಬಂದವರ ಕಿವಿಗೆ ಮೊದಲು ಬೀಳುವುದು ಕಲ್ಲಿನ ಮೇಲೆ ಉಳಿ ಬೀಳುವ ಸದ್ದು. ಲೋಹದ ಕೆಲಸ ಅಷ್ಟು ಸದ್ದು ಮಾಡುವುದಿಲ್ಲ. ಜೇನುಮೇಣಕ್ಕೆ ರಾಳ ಬೆರೆಸಿ ಮೂರ್ತಿಯನ್ನು ತಿದ್ದುವುದು, ಅದರ ಮೇಲೆ ನಯವಾದ ಮಣ್ಣನ್ನು ಪದರ ಪದರವಾಗಿ ಮೆತ್ತಿ ಒಣಗಿಸುವುದು, ಕಾಯಿಸಿ ಮೇಣವನ್ನು ಹರಿಯಬಿಡುವುದು, ಮೇಣ ಖಾಲಿ ಮಾಡಿದ ಜಾಗಕ್ಕೆ ಮೂಸೆಯಿಂದ ಕರಗಿದ ಲೋಹ ಹೊಯ್ಯುವುದು - ಪಂಚಲೋಹ ವಿಗ್ರಹದ ಎರಕ ಸಂಪ್ರದಾಯದಂತೆ ನಡೆದು ಬಂದಿರುವುದು ಹೀಗೆ. ಐದು ಲೋಹ ಎಂಬ ಹೆಸರಿದ್ದರೂ ಅದರಲ್ಲಿ ಬಹುಪಾಲು ತಾಮ್ರವೇ. ಚಿನ್ನ, ಬೆಳ್ಳಿಗಳ ಪಾಲು ಶಾಸ್ತ್ರಕ್ಕೆ ಸಲ್ಲುವಷ್ಟು. ಯಾವ ಲೋಹ ಎಷ್ಟು ಕಾದರೆ ಹರಿಯುತ್ತದೆ, ಯಾವುದಕ್ಕೆ ಯಾವುದನ್ನು ಬೆರೆಸಿದರೆ ಬಿರುಕು ಬಿಡುತ್ತದೆ ಎಂಬುದನ್ನು ಇಂಥ ಕಸುಬುದಾರ ಪುಸ್ತಕ ನೋಡಿ ಕಲಿತವನಲ್ಲ. ಅಪ್ಪನ ಪಕ್ಕ ಕೂತು ಕಲಿತವನು.

ಇಂಥ ಒಬ್ಬ ಕಸುಬುದಾರ ಜಗತ್ತಿನ ಪೇಟೆಂಟ್ ಕಾಯ್ದೆಗಳಲ್ಲೆಲ್ಲ ಕಾಯಂ ಆಗಿ ಇದ್ದಾನೆ ಎಂದರೆ ಆಶ್ಚರ್ಯವಾದೀತು. ಅವನಿಗೆ ಹೆಸರಿಲ್ಲ, ಊರಿಲ್ಲ. ‘ಆಯಾ ಕಸುಬಿನಲ್ಲಿ ನುರಿತವನು’ ಎಂಬುದಷ್ಟೇ ಗುರುತು. ಅವನೊಬ್ಬ ಕಲ್ಪಿತ ವ್ಯಕ್ತಿ. ಆದರೆ ಕೋಟ್ಯಂತರ ರೂಪಾಯಿಯ ವ್ಯಾಜ್ಯಗಳು ತೀರ್ಮಾನವಾಗುವುದು ಅವನ ತಲೆಯಲ್ಲಿ ಏನು ಹೊಳೆದೀತು, ಏನು ಹೊಳೆಯಲಾರದು ಎಂಬ ಲೆಕ್ಕಾಚಾರದ ಮೇಲೆ.

ಪೇಟೆಂಟ್ ಎಂದರೆ 20 ವರ್ಷಗಳ ಏಕಸ್ವಾಮ್ಯ. ಅದನ್ನು ಪಡೆಯಲು ವಸ್ತು ಹೊಸದಾಗಿರಬೇಕು, ಉಪಯೋಗಕ್ಕೆ ಬರುವಂತಿರಬೇಕು. ಇವೆರಡನ್ನು ತೋರಿಸುವುದು ಅಷ್ಟೇನೂ ಕಷ್ಟವಲ್ಲ. ಮೂರನೆಯದೇ ತೊಡಕಿನದು: ಕಸುಬು ಬಲ್ಲವನಿಗೆ ಅದು ಸಹಜವಾಗಿ ಹೊಳೆಯುವಂಥದ್ದಾಗಿರಬಾರದು. ಹಿಂದೆ ಯಾರೂ ಮಾಡಿಲ್ಲ ಎಂದಮಾತ್ರಕ್ಕೆ ಸಾಲದು. ಬಲ್ಲವನು ಮನಸ್ಸು ಮಾಡಿದ್ದರೆ ಮಾಡಿಬಿಡುತ್ತಿದ್ದ ಎನ್ನುವಂತಿದ್ದರೆ ಪೇಟೆಂಟ್ ಇಲ್ಲ.

ಈ ಪ್ರಶ್ನೆ ಮೇಲಿಂದ ಮೇಲೆ ಏಳುವ ಕ್ಷೇತ್ರ ಆಸ್ಪತ್ರೆಯ ಉಪಕರಣಗಳದು. ಮೂತ್ರನಾಳಕ್ಕೋ ರಕ್ತನಾಳಕ್ಕೋ ಇಳಿಸುವ ಕ್ಯಾಥೆಟರ್, ಹೃದಯದ ಕೃತಕ ಕವಾಟ, ಸುಟ್ಟ ಗಾಯಕ್ಕೆ ಸುತ್ತುವ ಬಟ್ಟೆ - ಇವುಗಳ ಮೇಲೆ ಬ್ಯಾಕ್ಟೀರಿಯಾಗಳು ಲೋಳೆಯಂಥ ಪೊರೆ ಕಟ್ಟಿಕೊಂಡು ಕೂರುತ್ತವೆ. ಒಮ್ಮೆ ಪೊರೆ ಕಟ್ಟಿದರೆ ಔಷಧಿಗೂ ಸುಲಭವಾಗಿ ಬಗ್ಗುವುದಿಲ್ಲ. ಆದ್ದರಿಂದ ಉಪಕರಣಕ್ಕೇ ರೋಗಾಣು ಕೊಲ್ಲುವ ಗುಣ ಕೊಡುವ ಪ್ರಯತ್ನ ದಶಕಗಳಿಂದ ನಡೆದಿದೆ. ಅದಕ್ಕೆ ಹೆಚ್ಚಾಗಿ ಬಳಕೆಯಾಗುವ ಲೋಹಗಳು ಯಾವುವು? ಬೆಳ್ಳಿ ಮತ್ತು ತಾಮ್ರ. ಎರಡರ ಗುಣವೂ ಹಳೆಯ ಕಾಲದಿಂದ ಗೊತ್ತಿರುವುದೇ. ಗೊತ್ತಿದ್ದ ಲೋಹವನ್ನು ಗೊತ್ತಿದ್ದ ಕೊಳವೆಗೆ ಬಳಿದರೆ ಅದು ಶೋಧವೋ, ಬರೀ ಜಾಣತನವೋ? ಇದೇ ಜಗಳ.

ಬಾಗಿಲ ಹಿಡಿಯ ಮೊಕದ್ದಮೆ

ಈ ಜಗಳದ ಮೂಲ ಆಸ್ಪತ್ರೆಯಲ್ಲಿಲ್ಲ, ಮನೆಯ ಬಾಗಿಲಲ್ಲಿದೆ. ಅಮೆರಿಕದಲ್ಲಿ ಬಾಗಿಲಿನ ಗುಂಡು ಹಿಡಿಯನ್ನು ಲೋಹ ಅಥವಾ ಮರದಲ್ಲಿ ಮಾಡುವುದು ವಾಡಿಕೆಯಾಗಿತ್ತು. ಅದನ್ನು ಜೇಡಿಮಣ್ಣು ಅಥವಾ ಪಿಂಗಾಣಿಯಲ್ಲಿ ಮಾಡಿದವರು ಪೇಟೆಂಟ್ ಪಡೆದರು. ಹಿಡಿಯನ್ನು ಕಂಬಿಗೆ ಕೂಡಿಸುವ ರೀತಿ ಹಳೆಯದೇ. ಹೊಸದು ಪದಾರ್ಥ ಮಾತ್ರ. ‘ಹಾಚ್‌ಕಿಸ್ ವಿರುದ್ಧ ಗ್ರೀನ್‌ವುಡ್’ ಎಂಬ ಈ ಮೊಕದ್ದಮೆಯಲ್ಲಿ 1851ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪೇಟೆಂಟನ್ನು ತಳ್ಳಿಹಾಕಿತು. ಉತ್ತಮ ಪದಾರ್ಥವನ್ನು ಆರಿಸಿಕೊಳ್ಳುವುದು ನುರಿತ ಕೆಲಸಗಾರನ ಕೆಲಸ, ಶೋಧಕನದಲ್ಲ ಎಂಬುದು ಅದರ ತಿರುಳು. ‘ಹೊಳೆಯುವಂಥದ್ದು’ ಎಂಬ ಮಾತು ಅಮೆರಿಕದ ಶಾಸನದಲ್ಲಿ ಸೇರಿದ್ದು ಬಹಳ ತಡವಾಗಿ, 1952ರಲ್ಲಿ. ಆದರೆ ಪದಾರ್ಥ ಬದಲಿಸುವ ಪ್ರತಿಯೊಂದು ಶೋಧವೂ ಇವತ್ತಿಗೂ ಆ ಬಾಗಿಲನ್ನು ದಾಟಿಯೇ ಹೋಗಬೇಕು.

ವಿಚಿತ್ರವೆಂದರೆ, ಬಾಗಿಲ ಹಿಡಿ ಮತ್ತೆ ಸುದ್ದಿಗೆ ಬಂದಿದೆ. ಶೇ 60ಕ್ಕಿಂತ ಹೆಚ್ಚು ತಾಮ್ರವಿರುವ ಹಿತ್ತಾಳೆ, ಕಂಚುಗಳ ಮೇಲ್ಮೈ ಎರಡು ಗಂಟೆಯೊಳಗೆ ಶೇ 99.9ರಷ್ಟು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆಂದು ಹೇಳಿಕೊಂಡು ಮಾರಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ ಅನುಮತಿ ಕೊಟ್ಟಿತು. ಆಸ್ಪತ್ರೆಗಳು ಹಿತ್ತಾಳೆಯ ಹಿಡಿ ಕಿತ್ತು ಸ್ಟೀಲ್ ಹಾಕಿಸಿಕೊಂಡು ಆಗಿತ್ತು!

ಮೇಣದ ಎರಕವೂ ಒಮ್ಮೆ ಇದೇ ಕಟಕಟೆ ಹತ್ತಿದೆ. ಚಿಕಾಗೋದ ದಂತವೈದ್ಯ ವಿಲಿಯಂ ಟ್ಯಾಗರ್ಟ್ 1907ರಲ್ಲಿ ಹುಳುಕು ಹಲ್ಲಿಗೆ ಬಂಗಾರ ತುಂಬುವ ಹೊಸ ವಿಧಾನವೊಂದನ್ನು ಪ್ರಕಟಿಸಿದರು. ಹಲ್ಲಿನ ಕುಳಿಗೆ ಸರಿಯಾಗಿ ಮೇಣದ ತುಂಡು ತಯಾರಿಸಿ, ಅಚ್ಚು ಕಟ್ಟಿ, ಮೇಣ ಕರಗಿಸಿ ಬಂಗಾರ ಹೊಯ್ಯುವುದು. ಪೇಟೆಂಟ್ ಪಡೆದು ದಂತವೈದ್ಯರಿಂದ ರಾಯಧನ ಕೇಳತೊಡಗಿದಾಗ ವೃತ್ತಿಯವರೇ ತಿರುಗಿಬಿದ್ದರು. ಕೊನೆಗೆ ಪೇಟೆಂಟ್ ನಿಲ್ಲಲಿಲ್ಲ. ಅದನ್ನು ಬೀಳಿಸಿದ್ದು ಸಾವಿರಾರು ವರ್ಷಗಳ ವಿಗ್ರಹ ಪರಂಪರೆಯಲ್ಲ. ಅಯೋವ ರಾಜ್ಯದ ಫಿಲ್‌ಬ್ರೂಕ್ ಎಂಬ ದಂತವೈದ್ಯರು ಅದಕ್ಕೆ ಹತ್ತು ವರ್ಷ ಮೊದಲು, 1897ರಲ್ಲಿ ಪ್ರಕಟಿಸಿದ್ದ ಒಂದು ಪ್ರಬಂಧ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೇ ಶತಮಾನದಲ್ಲೇ ಈ ಎರಕವನ್ನು ವಿವರಿಸಿದೆ. ಮೇಣವನ್ನು ತೂಗಿ, ಬೆಳ್ಳಿಯಾದರೆ ಅದರ 12 ಪಟ್ಟು, ಚಿನ್ನವಾದರೆ 16 ಪಟ್ಟು ತೆಗೆದುಕೊಳ್ಳಬೇಕೆಂಬ ಲೆಕ್ಕವನ್ನೂ ಕೊಡುತ್ತದೆ. ಕನ್ನಡ ನಾಡಿನ ಅರಸನ ಈ ಗ್ರಂಥ ಚಿಕಾಗೋದ ಜಗಳದಲ್ಲಿ ಯಾರ ನೆನಪಿಗೂ ಬರುವ ಸಂಭವವಿರಲಿಲ್ಲ. ಪೇಟೆಂಟ್ ವ್ಯಾಜ್ಯಗಳಲ್ಲಿ ಎಷ್ಟು ಹಳೆಯದು ಎಂಬುದಕ್ಕಿಂತ ಯಾರು, ಎಲ್ಲಿ, ಯಾವ ಕಾಗದದಲ್ಲಿ ಬರೆದಿಟ್ಟಿದ್ದಾರೆ ಎಂಬುದಕ್ಕೇ ಬೆಲೆ ಜಾಸ್ತಿ.

ಬೆಳ್ಳಿಯ ಒಳ್ಳೆಯದು, ಕೆಟ್ಟದ್ದು

ಬೆಳ್ಳಿಗೆ ಆಧುನಿಕ ವೈದ್ಯದಲ್ಲಿ ಜಾಗ ಸಿಕ್ಕಿದ್ದು ಜರ್ಮನಿಯ ವೈದ್ಯ ಕಾರ್ಲ್ ಕ್ರೆಡೆಯಿಂದ. ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿದರೆ ಹುಟ್ಟುವಾಗ ತಗಲುವ ಸೋಂಕಿನಿಂದ ಬರುವ ಕುರುಡುತನ ತಪ್ಪುತ್ತದೆ ಎಂದು ಆತ 1880ರ ದಶಕದಲ್ಲಿ ತೋರಿಸಿಕೊಟ್ಟ. ತಾಮ್ರ, ಬೆಳ್ಳಿಗಳು ಅತ್ಯಲ್ಪ ಪ್ರಮಾಣದಲ್ಲೂ ಸೂಕ್ಷ್ಮಜೀವಿಗಳನ್ನು ಕೊಲ್ಲಬಲ್ಲವು ಎಂಬ ಕಾರ್ಲ್ ನೇಗೆಲಿಯ ಅಧ್ಯಯನ, ಆತ ತೀರಿಕೊಂಡ ಮೇಲೆ 1893ರಲ್ಲಿ ಅಚ್ಚಾಯಿತು. 1960ರ ದಶಕದಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದ ಚಾರ್ಲ್ಸ್ ಫಾಕ್ಸ್ ಸುಟ್ಟ ಗಾಯಗಳಿಗೆ ಸಿಲ್ವರ್ ಸಲ್ಫಾಡಯಜೀನ್ ಎಂಬ ಮುಲಾಮು ತಂದರು. ನಮ್ಮ ಆಸ್ಪತ್ರೆಗಳ ಸುಟ್ಟಗಾಯದ ವಾರ್ಡುಗಳಲ್ಲಿ ಆ ಬಿಳಿ ಮುಲಾಮು ನೋಡದವರಿಲ್ಲ.

ಅದೇ ಫಾಕ್ಸ್, ಶಾಂತಾ ಮೋಡಕ್ ಮತ್ತು ಲೆಸ್ಟರ್ ಸಂಪತ್ ಜೊತೆ ಸೇರಿ 1991ರಲ್ಲಿ ಸೋಂಕು ತಡೆಯುವ ವೈದ್ಯಕೀಯ ಸಾಧನಗಳಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಸಂಖ್ಯೆ 50,19,096. ಬೆಳ್ಳಿಯ ಲವಣ ಹಳೆಯದು. ಜೊತೆಗೆ ಸೇರಿಸಿದ ಕ್ಲೋರ್‌ಹೆಕ್ಸಿಡೀನ್ ಕೂಡ 1950ರ ದಶಕದಿಂದ ಬಳಕೆಯಲ್ಲಿದ್ದದ್ದೇ. ಹಾಗಿದ್ದರೆ ಶೋಧ ಎಲ್ಲಿ? ಎರಡನ್ನೂ ಕೂಡಿಸಿ ಪ್ಲಾಸ್ಟಿಕ್ಕಿಗೆ ಸೇರಿಸಿದಾಗ ಸಿಗುವ ಪರಿಣಾಮ ಎರಡರ ಬಿಡಿ ಪರಿಣಾಮಗಳ ಮೊತ್ತಕ್ಕಿಂತ ಹೆಚ್ಚು ಎಂಬುದು ಅವರ ವಾದ. ಒಂದಕ್ಕೆ ಒಂದು ಸೇರಿಸಿದರೆ ಎರಡು ಬಂದರೆ ಯಾರಿಗಾದರೂ ಹೊಳೆದೀತು. ಮೂರು ಬಂದರೆ ಅದು ಶೋಧ. ನಮ್ಮ ಕಾಯ್ದೆಯೂ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ: ಗುಣಗಳನ್ನು ಬರಿದೇ ಒಟ್ಟುಗೂಡಿಸುವ ಮಿಶ್ರಣಕ್ಕೆ ಪೇಟೆಂಟ್ ಕೊಡಬಾರದೆಂದು 3(ಇ) ಕಲಂ ವಿಧಿಸುತ್ತದೆ.

ಶೋಧಕರ ಪರವಾಗಿ ಇನ್ನೂ ಒಂದು ಮಾತು ಹೇಳಬೇಕು. ‘ಬೆಳ್ಳಿ ರೋಗಾಣು ಕೊಲ್ಲುತ್ತದೆ, ಬಳಿದರಾಯಿತು’ ಎನ್ನುವುದು ಕೇಳಲು ಸುಲಭ. ಆದರೆ ಬೆಳ್ಳಿ ಕೊಳವೆಗೆ ಅಂಟಿರಬೇಕು. ಹಾಗೆಂದು ಅಂಟಿಯೇ ಕೂತರೆ ಕೆಲಸವಿಲ್ಲ, ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗಬೇಕು. ರೋಗಾಣುವನ್ನು ಕೊಲ್ಲಬೇಕು, ರೋಗಿಯ ಜೀವಕೋಶಗಳನ್ನು ಬಿಡಬೇಕು. ಸೇಂಟ್ ಜೂಡ್ ಮೆಡಿಕಲ್ ಕಂಪನಿ 1997ರಲ್ಲಿ ಮಾರುಕಟ್ಟೆಗೆ ತಂದ ‘ಸಿಲ್‌ಜೋನ್’ ಹೃದಯ ಕವಾಟವೇ ಇದಕ್ಕೆ ಸಾಕ್ಷಿ. ಕವಾಟವನ್ನು ಹೃದಯಕ್ಕೆ ಹೊಲಿಯುವ ಬಟ್ಟೆಯ ಬಳೆಗೆ ಬೆಳ್ಳಿಯ ಲೇಪವಿತ್ತು. ಸೋಂಕು ತಡೆಯುವುದು ಉದ್ದೇಶ. ಆದರೆ ಕವಾಟದ ಅಂಚಿನಲ್ಲಿ ರಕ್ತ ಸೋರುವ ಪ್ರಕರಣಗಳು ಮಾಮೂಲಿ ಕವಾಟಕ್ಕಿಂತ ಹೆಚ್ಚು ಕಂಡುಬಂದು, 2000ದ ಜನವರಿಯಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಹೊಳೆಯುವುದು ಬೇರೆ, ಹೊಳೆದದ್ದು ಕೈಗೂಡುವುದು ಬೇರೆ. ನ್ಯಾಯಾಧೀಶರು ಫಲ ಕಂಡ ಮೇಲೆ ಹಿಂದಿರುಗಿ ನೋಡುವವರು; ಆಗ ಎಲ್ಲವೂ ಸುಲಭವಾಗಿಯೇ ಕಾಣುತ್ತದೆ. ಈ ಅಪಾಯವನ್ನು ನ್ಯಾಯಾಲಯಗಳೂ ಬಲ್ಲವು.

ಇದಕ್ಕೆ ಎದುರಾದ ಎಚ್ಚರಿಕೆ 2007ರ ಏಪ್ರಿಲ್‌ನಲ್ಲಿ ಬಂತು. ಕಾರಿನ ಪೆಡಲ್‌ಗೆ ಸಂಬಂಧಿಸಿದ ‘ಕೆಎಸ್‌ಆರ್ ವಿರುದ್ಧ ಟೆಲಿಫ್ಲೆಕ್ಸ್’ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಆ ಕಲ್ಪಿತ ಕಸುಬುದಾರ ಯಂತ್ರವಲ್ಲ, ಅವನಿಗೂ ಸಾಮಾನ್ಯ ಮಟ್ಟದ ಸೃಜನಶೀಲತೆ ಇರುತ್ತದೆ ಎಂದು ಸಾರಿತು. ಪುಸ್ತಕದಲ್ಲಿ ‘ಇವೆರಡನ್ನು ಕೂಡಿಸು’ ಎಂದು ಬರೆದಿಲ್ಲದಿದ್ದರೂ ಅವನು ಕೂಡಿಸಬಲ್ಲ. ಅಲ್ಲಿ ಸೋತ ಟೆಲಿಫ್ಲೆಕ್ಸ್ ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೊಂಡುಕೊಂಡ ಕಂಪನಿ ಆ್ಯರೋ ಇಂಟರ್‌ನ್ಯಾಷನಲ್ - ಕ್ಲೋರ್‌ಹೆಕ್ಸಿಡೀನ್ ಮತ್ತು ಬೆಳ್ಳಿ ಸೇರಿಸಿದ ಕ್ಯಾಥೆಟರ್‌ಗಳ ತಯಾರಕರು.

ಮಿರ್ಜಾಪುರದ ಪಾತ್ರೆಗಳು

ಭಾರತದಲ್ಲಿ ಈ ವಿಷಯದ ಬಗ್ಗೆ ವಕೀಲರು ಇಂದಿಗೂ ಮೊದಲು ತೆರೆಯುವ ತೀರ್ಪು ಔಷಧಿಯದಲ್ಲ, ಯಂತ್ರದ್ದೂ ಅಲ್ಲ ಎನ್ನಬಹುದು. ಅದು ಪಾತ್ರೆಯ ಅಂಗಡಿಗಳ ಜಗಳ. ಉತ್ತರ ಪ್ರದೇಶದ ಮಿರ್ಜಾಪುರ ಹಿತ್ತಾಳೆ ಪಾತ್ರೆಗಳಿಗೆ ಹೆಸರಾದ ಊರು. ಎರಕದಿಂದ ಬಂದ ಪಾತ್ರೆಯನ್ನು ಲೇತ್‌ಗೆ ಸಿಕ್ಕಿಸಿ ತಿರುಗಿಸುತ್ತ ಹೆರೆದು ಹೊಳಪು ಕೊಡುವುದು ಅಲ್ಲಿನ ಪದ್ಧತಿ. ಪಾತ್ರೆ ಕೆಲವೊಮ್ಮೆ ಹಿಡಿತ ತಪ್ಪಿ ಹಾರುತ್ತಿತ್ತು. ಕೆಲಸಗಾರನ ಮೈಗೇ ಬಂದರೂ ಬಂತು. ಇದನ್ನು ತಪ್ಪಿಸಲು ಪಾತ್ರೆಯನ್ನು ಎದುರು ಬದಿಯಿಂದ ಒತ್ತಿ ಹಿಡಿಯುವ ಸಾಧನವೊಂದಕ್ಕೆ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ 1951ರಲ್ಲಿ ಪೇಟೆಂಟ್ ಕೋರಿ ಪಡೆಯಿತು. ಅದೇ ಊರಿನ ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಎಂಬ ಸಂಸ್ಥೆ ಅದನ್ನೇ ಬಳಸುತ್ತಿದೆ ಎಂದು ದಾವೆ ಹೂಡಿತು.

ಅಲಹಾಬಾದ್ ಹೈಕೋರ್ಟಿನ ಏಕಸದಸ್ಯ ಪೀಠ ಪೇಟೆಂಟ್ ಸಲ್ಲದೆಂದಿತು; ವಿಭಾಗೀಯ ಪೀಠ ಸಲ್ಲುತ್ತದೆ ಎಂದಿತು. 1978ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟ್ ಏಕಸದಸ್ಯ ಪೀಠದ ಮಾತನ್ನೇ ಎತ್ತಿಹಿಡಿಯಿತು. ಎದುರಿನಿಂದ ಒತ್ತಿ ಹಿಡಿಯುವುದು ಲೇತ್ ಬಲ್ಲವರಿಗೆ ಹೊಸದಲ್ಲ. ಹಳೆಯ ಸಲಕರಣೆಯನ್ನು ಹಳೆಯ ರೀತಿಯಲ್ಲೇ ಬೇರೆ ವಸ್ತುವಿಗೆ ಹೊಂದಿಸಿದ್ದು ಕಾರ್ಖಾನೆಯ ಮಾಮೂಲು ಸುಧಾರಣೆ, ಅದು ಶೋಧಕ ಬುದ್ಧಿಯ ಫಲವಲ್ಲ ಎಂಬುದು ತೀರ್ಪಿನ ಸಾರಾಂಶ.

ಈ ತೀರ್ಪಿನಲ್ಲಿ ಒಂದು ಕುತೂಹಲದ ವಿಂಗಡಣೆ ಇದೆ. ಹೊಳೆಯಬೇಕಾದದ್ದು ಸಮರ್ಥ ಕುಶಲಕರ್ಮಿಗೆ ಅಥವಾ ಎಂಜಿನಿಯರ್‌ಗೆ. ‘ಬರೀ’ ಕೈಕೆಲಸದವನಿಗಲ್ಲ ಎಂಬ ಅರ್ಥದ ಮಾತು ಅದರ ಪರೀಕ್ಷೆಯಲ್ಲಿ ಬರುತ್ತದೆ. ಲಂಡನ್ನಿನ ಕಾರ್ಖಾನೆಗಳಲ್ಲಿ ನಕ್ಷೆ ಬರೆಯುವವನು ಬೇರೆ, ಅರ ಉಜ್ಜುವವನು ಬೇರೆ ಇದ್ದಾಗ ಹುಟ್ಟಿದ ವಿಂಗಡಣೆ ಇರಬಹುದು. ಶಿವಾರಪಟ್ಟಣದಂಥ ಊರಿಗೆ ಅದು ಸರಿಯಾಗಿ ಕೂರುವುದಿಲ್ಲ. ತಾಳಮಾನದ ಲೆಕ್ಕ ಹಾಕುವುದು, ಲೋಹದ ಹದ ನಿರ್ಧರಿಸುವುದು, ಕೊನೆಗೆ ಅರ ಹಿಡಿದು ಉಜ್ಜುವುದು ಸ್ಥಪತಿಯ ಪರಂಪರೆಯಲ್ಲಿ ಒಂದೇ ವಿದ್ಯೆಯ ಭಾಗಗಳು. ಕಾಯ್ದೆಯ ಕಣ್ಣಿಗೆ ಅವನು ಯಾರು? ಎಂಜಿನಿಯರೋ, ಬರೀ ಕೈಕೆಲಸದವನೋ?

ಬಾಯಿಮಾತಿಗೆ ಬೆಲೆ ಎಷ್ಟು?

ಬಲ್ಲವನು ಯಾರು ಎಂಬುದರಷ್ಟೇ ಮುಖ್ಯವಾದದ್ದು, ಅವನು ಬಲ್ಲನೆಂದು ತೋರಿಸುವುದು ಹೇಗೆ ಎಂಬುದು. ಗಾಯಕ್ಕೆ ಅರಿಶಿನ ಹಚ್ಚುವುದು ಈ ದೇಶದ ಮನೆಮನೆಗೆ ಗೊತ್ತು. ಹಾಗಿದ್ದೂ ಗಾಯ ಮಾಯಿಸಲು ಅರಿಶಿನ ಬಳಸುವ ವಿಧಾನಕ್ಕೆ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ 1995ರ ಮಾರ್ಚ್‌ನಲ್ಲಿ ಪೇಟೆಂಟ್ ಪಡೆಯಿತು. ಆಗಿನ ಅಮೆರಿಕದ ಕಾಯ್ದೆಯಂತೆ ಬೇರೆ ದೇಶದಲ್ಲಿ ಏನು ಬಳಕೆಯಲ್ಲಿತ್ತು ಎಂಬುದು ಲೆಕ್ಕಕ್ಕಿಲ್ಲ. ಅಚ್ಚಾಗಿದ್ದರೆ ಮಾತ್ರ ಲೆಕ್ಕ. ಈ ನಿಯಮ ಬದಲಾದದ್ದು 2013ರಲ್ಲಿ. ಡಾ. ಆರ್.ಎ. ಮಾಶೇಲ್ಕರ್ ಮುಖ್ಯಸ್ಥರಾಗಿದ್ದ ಸಿಎಸ್‌ಐಆರ್ 1996ರ ಅಕ್ಟೋಬರ್‌ನಲ್ಲಿ 32 ದಾಖಲೆಗಳನ್ನು ಹುಡುಕಿ ಮುಂದಿಟ್ಟಿತು. ಸಂಸ್ಕೃತದ ಹಳೆಯ ಗ್ರಂಥದ ಜೊತೆಗೆ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಅಚ್ಚಾಗಿದ್ದ ಲೇಖನವೂ ಅವುಗಳಲ್ಲಿತ್ತು. 1997ರ ಆಗಸ್ಟ್‌ನಲ್ಲಿ ಪೇಟೆಂಟ್ ಕಚೇರಿ ಎಲ್ಲ ಹಕ್ಕುಗಳನ್ನೂ ತಿರಸ್ಕರಿಸಿತು. ಕೋಟ್ಯಂತರ ಅಜ್ಜಿಯರ ತಿಳಿವಳಿಕೆಗೆ ಇಲ್ಲದ ತೂಕ ಕೆಲವು ಪುಟಗಳ ಲೇಖನಕ್ಕೆ ಇತ್ತು!

ಬೇವಿನ ಪ್ರಕರಣ ಕರ್ನಾಟಕಕ್ಕೆ ಇನ್ನೂ ಹತ್ತಿರದ್ದು. ಅಮೆರಿಕದ ಡಬ್ಲ್ಯು.ಆರ್. ಗ್ರೇಸ್ ಕಂಪನಿ ಪಿ.ಜೆ. ಮಾರ್ಗೊ ಸಂಸ್ಥೆಯೊಡನೆ ಸೇರಿ ತುಮಕೂರಿನಲ್ಲಿ ಬೇವಿನ ಬೀಜ ಸಂಸ್ಕರಿಸುವ ಘಟಕ ಆರಂಭಿಸಿತ್ತು. ಅದೇ ಕಂಪನಿಗೂ ಅಮೆರಿಕದ ಕೃಷಿ ಇಲಾಖೆಗೂ 1994ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಬೇವಿನೆಣ್ಣೆಯಿಂದ ಗಿಡಗಳ ಶಿಲೀಂಧ್ರ ರೋಗ ತಡೆಯುವ ವಿಧಾನಕ್ಕೆ ಪೇಟೆಂಟ್ ಕೊಟ್ಟಿತು. ಅದಕ್ಕೆ ಮೊದಲೇ, 1993ರ ಅಕ್ಟೋಬರ್‌ನಲ್ಲಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರಾಜ್ಯ ರೈತ ಸಂಘ ಡಂಕೆಲ್ ಪ್ರಸ್ತಾವದ ವಿರುದ್ಧ ಬೆಂಗಳೂರಿನಲ್ಲಿ ಭಾರಿ ಸಮಾವೇಶ ನಡೆಸಿತ್ತು. ಹಸಿರು ಶಾಲಿನವರ ಬಾಯಲ್ಲಿ ಪೇಟೆಂಟ್ ಎಂಬ ಮಾತು ನಲಿಯತೊಡಗಿದ್ದು ಆ ದಿನಗಳಲ್ಲಿ. 1995ರಲ್ಲಿ ವಂದನಾ ಶಿವ, ಯುರೋಪಿಯನ್ ಸಂಸತ್ತಿನ ಹಸಿರು ಪಕ್ಷದ ಮಾಗ್ದಾ ಆಲ್‌ವೂಟ್ ಮತ್ತು ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟ ಸೇರಿ ಆಕ್ಷೇಪಣೆ ಸಲ್ಲಿಸಿದರು.

ಯುರೋಪಿನ ಕಾಯ್ದೆ ಅಮೆರಿಕದಂತಲ್ಲ. ಅಲ್ಲಿ ಬರವಣಿಗೆಯಷ್ಟೇ ಅಲ್ಲ, ಬಾಯಿಮಾತು, ಬಳಕೆ ಎಲ್ಲವೂ, ಯಾವ ದೇಶದ್ದಾದರೂ, ಲೆಕ್ಕಕ್ಕೆ ಬರುತ್ತವೆ. ಆದರೂ ‘ನಮ್ಮ ರೈತರಿಗೆ ಮೊದಲಿನಿಂದ ಗೊತ್ತು’ ಎಂಬ ಮಾತಿನಿಂದಲೇ ಕೆಲಸ ಆಗಲಿಲ್ಲ. ನಿರ್ಣಾಯಕವಾದದ್ದು ಅಭಯ ಫಡ್ಕೆ ಎಂಬ ಭಾರತೀಯ ಉದ್ಯಮಿಯ ಸಾಕ್ಷ್ಯ. ಅಂಥದೇ ಬೇವಿನ ಸಾರವನ್ನು ತಾವು 1980ರ ದಶಕದ ಮಧ್ಯಭಾಗದಲ್ಲೇ ತಯಾರಿಸಿ ಹೊಲಗಳಲ್ಲಿ ಪ್ರಯೋಗಿಸಿದ್ದಾಗಿ ಅವರು ಮ್ಯೂನಿಕ್‌ಗೆ ಹೋಗಿ ಹೇಳಿದರು. 2000ದ ಮೇ ತಿಂಗಳಲ್ಲಿ ಪೇಟೆಂಟ್ ರದ್ದಾಯಿತು. 2005ರ ಮಾರ್ಚ್ 8ರಂದು ಮೇಲ್ಮನವಿಯೂ ವಜಾ ಆಯಿತು. ಹತ್ತು ವರ್ಷ ಹಿಡಿಯಿತು.

ಈ ಏಟುಗಳಿಂದ ಭಾರತದ ಕಾಯ್ದೆ ಪಾಠ ಕಲಿತಂತೆ ಕಾಣುತ್ತದೆ. 2002ರ ತಿದ್ದುಪಡಿಯಲ್ಲಿ ಎರಡು ಅಂಶಗಳು ಸೇರಿದವು. ಪಾರಂಪರಿಕ ತಿಳಿವಳಿಕೆಯೇ ಆಗಿರುವ, ಅಥವಾ ಪರಂಪರೆಯಿಂದ ಗೊತ್ತಿರುವ ಪದಾರ್ಥಗಳ ಗುಣಗಳನ್ನು ಒಟ್ಟುಗೂಡಿಸಿದ್ದಷ್ಟೇ ಆಗಿರುವ ಶೋಧಕ್ಕೆ ಪೇಟೆಂಟ್ ಇಲ್ಲ ಎಂಬುದು ಒಂದು. ಯಾವುದೇ ಸ್ಥಳೀಯ ಸಮುದಾಯದಲ್ಲಿ, ಬಾಯಿಮಾತಿನ ರೂಪದಲ್ಲಿದ್ದರೂ ಸರಿ, ಮೊದಲೇ ಇದ್ದ ತಿಳಿವಳಿಕೆಯನ್ನು ಆಕ್ಷೇಪಣೆಗೆ ಆಧಾರವಾಗಿ ಎತ್ತಬಹುದು ಎಂಬುದು ಇನ್ನೊಂದು. ಅಂದರೆ ಮಾಲೂರಿನ ಎರಕದ ಮನೆಯ ಮಾತಿಗೂ ಕಾನೂನಿನಲ್ಲಿ ಜಾಗವಿದೆ. ಪೇಟೆಂಟ್ ಮಂಜೂರಾಗುವ ಮೊದಲು ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಕರ್ನಾಟಕದ ಅರ್ಜಿಗಳನ್ನು ನೋಡುವುದು ಚೆನ್ನೈನ ಪೇಟೆಂಟ್ ಕಚೇರಿ. ಆದರೆ ಬಾಗಿಲು ತೆರೆದಿರುವುದು ಬೇರೆ, ಅದರೊಳಗೆ ಕಾಲಿಡುವ ಶಕ್ತಿ ಇರುವುದು ಬೇರೆ. ಆಕ್ಷೇಪಿಸುವವನು ಅರ್ಜಿ ಪ್ರಕಟವಾದದ್ದನ್ನು ಮೊದಲು ತಿಳಿಯಬೇಕು, ಇಂಗ್ಲಿಷಿನ ಕ್ಲೇಮುಗಳನ್ನು ಓದಿಸಬೇಕು, ತನ್ನ ತಿಳಿವಳಿಕೆಗೆ ಪ್ರಮಾಣಪತ್ರ ಬರೆಸಬೇಕು. ಸಿಎಸ್‌ಐಆರ್ 2001ರಲ್ಲಿ ಆರಂಭಿಸಿದ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ವಿದೇಶಿ ಪರೀಕ್ಷಕರಿಗೆ ನೆರವಾಗುತ್ತಿದೆ ನಿಜ. ಅದರ ಬಂಡವಾಳ ಆಯುರ್ವೇದ, ಯುನಾನಿ, ಸಿದ್ಧ ಮುಂತಾದ ಪದ್ಧತಿಗಳ ಗ್ರಂಥಗಳು. ಗ್ರಂಥಕ್ಕೆ ಏರದ ವಿದ್ಯೆ ಅಲ್ಲಿ ಸಿಗುವುದು ಹೇಗೆ?

ತಂಬಿಗೆಯ ತಾಮ್ರ

ತಾಮ್ರದ ವಿಷಯದಲ್ಲಿ ನಮ್ಮ ಮನೆಗಳ ನಡವಳಿಕೆ ಕಾಯ್ದೆಯ ಪಂಡಿತರು ಗಮನಿಸುವಂಥದ್ದು. ರಾತ್ರಿ ತಾಮ್ರದ ತಂಬಿಗೆಯಲ್ಲಿಟ್ಟ ನೀರನ್ನು ಬೆಳಿಗ್ಗೆ ಕುಡಿಯುವುದು ರೂಢಿ. ಅದೇ ಮನೆಯಲ್ಲಿ ಹುಳಿ ಕುದಿಸುವ ಹಿತ್ತಾಳೆ ಪಾತ್ರೆಗೆ ಒಳಗೆ ಕಲಾಯಿ ಹಾಕಿಸದೆ ಬಳಸುವುದಿಲ್ಲ. ನೀರಿಗೆ ಒಳ್ಳೆಯದಾದ ತಾಮ್ರ ಹುಳಿಗೆ ತಗುಲಿದರೆ ಕಿಲುಬು, ವಿಷ. ಯಾವುದು ಎಷ್ಟು ಬಿಡುಗಡೆಯಾಗಬೇಕು ಎಂಬ, ಕ್ಯಾಥೆಟರ್ ಪೇಟೆಂಟ್‌ಗಳ ನಡುವಿನ ಪ್ರಶ್ನೆಯೇ ಇದು. ಕಲಾಯಿಯವನು ಅದಕ್ಕೆ ತನ್ನ ಉತ್ತರ ಕಂಡುಕೊಂಡಿದ್ದ.

ಇದರ ಅರ್ಧ ಭಾಗವನ್ನು ಬೆಂಗಳೂರಿನಲ್ಲೇ ಅಳೆದು ನೋಡಿದ್ದಾರೆ. ಅಲ್ಲಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ಪದ್ಮಾ ವೆಂಕಟಸುಬ್ರಮಣಿಯನ್ ಮತ್ತು ಸಂಗಡಿಗರು ಕಾಲರಾ, ಆಮಶಂಕೆ ಮುಂತಾದ ರೋಗಗಳ ಬ್ಯಾಕ್ಟೀರಿಯಾಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟು ಪರೀಕ್ಷಿಸಿದರು. ಬೆಳೆಸಿ ನೋಡಿದಾಗ ಒಂದು ಬ್ಯಾಕ್ಟೀರಿಯವೂ ಸಿಗಲಿಲ್ಲ. ನೀರಿಗೆ ಇಳಿದಿದ್ದ ತಾಮ್ರ ನೂರು ಕೋಟಿಯಲ್ಲಿ ಸುಮಾರು 177 ಭಾಗ; ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ ಬಹಳ ಕಡಿಮೆ. ಈ ಪ್ರಬಂಧ 2012ರಲ್ಲಿ ಅಚ್ಚಾಯಿತು. ನೀರಿನ ಸಾಧನವೊಂದಕ್ಕೆ ತಾಮ್ರ ಅಳವಡಿಸಿ ಪೇಟೆಂಟ್ ಕೇಳುವವರು ಇನ್ನು ಮೇಲೆ ಆ ಕೆಲವು ಪುಟಗಳಿಗೆ ಉತ್ತರ ಹೇಳಲೇಬೇಕು. ಪಂಚಲೋಹದ ಬಗ್ಗೆ, ಅದರ ಬೆರಕೆ ಮನೆಯಿಂದ ಮನೆಗೆ ಬದಲಾಗುವ ಬಗ್ಗೆ, ಅಂಥ ಅಳತೆಗಳ ಬಗ್ಗೆ ಉತ್ತರ ಕೇಳುವ ಪುಟಗಳನ್ನು ಯಾರಾದರೂ ಶಿಲ್ಪಿಗಳ ಬಳಿ ಕೂತು ಬರೆದುಕೊಳ್ಳಬೇಕು. ದಿನಾಂಕ ಹಾಕಿ, ಅವರ ಹೆಸರಿನಲ್ಲಿ.